ಆಲಮೇಲದ ಸಂತೆಯಲ್ಲಿ ನನ್ನ ಮುಂಡು

ಆಲಮೇಲದಲ್ಲಿ ಬಸ್ಸಿಳಿದು ಐದು ನಿಮಿಷ ಆಗಿರಲಿಲ್ಲ, ಆ ಬಜಾರಿನಲ್ಲಿ ವಿಚಿತ್ರ ವೇಷದವನು ನಾನೊಬ್ಬನೇ ಅಂತ ಗೊತ್ತಾಯಿತು. ಬಿಳಿ ಮುಂಡು, ಬಿಳಿ ಅಂಗಿ, ತಲೆಗೆ ಟೊಪ್ಪಿ. ನಮ್ಮ ಕಡೆ ಮದ್ರಸಕ್ಕೂ ಸೈ, ಮದುವೆಗೂ ಸೈ. ಅಲ್ಲಿ ಚಹಾ ಅಂಗಡಿಯ ಹುಡುಗ ನನ್ನನ್ನು ಕಾಲಿನಿಂದ ತಲೆವರೆಗೆ ನೋಡಿ, “ಕೇರಳದವ್ರೇನ್ರಿ?” ಅಂತ ಕೇಳಿದ. ಅಲ್ಲ ಮಾರಾಯ, ಮಂಗಳೂರು ಕಡೆಯವನು ಅಂದೆ. “ಮತ್ತ ಲುಂಗಿ ಮ್ಯಾಲ ಬಜಾರಕ್ಕ ಬಂದೀರಲ್ರಿ?” ಅಂತ ನಕ್ಕ. ಆ ಸೀಮೆಯಲ್ಲಿ ಲುಂಗಿ ಅಂದರೆ ಮನೆಯೊಳಗೆ ಸುತ್ತಿಕೊಳ್ಳುವ ಬಟ್ಟೆ. ನಾಲ್ಕು ಜನ ಸೇರುವ ಜಾಗಕ್ಕೆ ಅದರಲ್ಲಿ ಬರುವುದು ಮರ್ಯಾದೆ ಅಲ್ಲ. ನನ್ನದು ಲುಂಗಿ ಅಲ್ಲ, ಮುಂಡು ಅಂತ ವಿವರಿಸಲು ಹೋದೆ. ಅವನಿಗೆ ಎರಡೂ ಒಂದೇ ಕಂಡಿತು. ಬಿಟ್ಟೆ.

ಅಕ್ಕನ ಮಗ ಅಲ್ಲಿ ಬೇಕರಿ ಇಟ್ಟು ಆರು ವರ್ಷ ಆಯ್ತು. ನಮ್ಮ ಎಷ್ಟೋ ಮನೆಗಳ ಹುಡುಗರು ಹೀಗೆ ಘಟ್ಟ ಹತ್ತಿ ಹೋದವರು ಇದ್ದಾರೆ, ಓದುವವರಿಗೆ ಹೊಸದೇನಲ್ಲ. ಮದ್ರಸಕ್ಕೆ ರಜೆ ಇತ್ತು, “ಮಾಮ ಒಂದ್ಸಲ ಬನ್ನಿ” ಅಂತ ಅವನು ಕರೆಯುತ್ತಲೇ ಇದ್ದ, ಹೋದೆ. ನಾನು ಹೋದ ಮರುದಿನ ಸಂತೆ. ಬೇಕರಿಯ ಎದುರು ಬೆಂಚಿನಲ್ಲಿ ಕೂತು ಬೆಳಗ್ಗಿನಿಂದ ಅಸರ್‌ವರೆಗೆ ಜನ ಹೋಗಿ ಬರುವುದನ್ನು ನೋಡಿದೆ. ಈ ಬರಹ ಆ ಬೆಂಚಿನಲ್ಲಿ ಹುಟ್ಟಿದ್ದು.

ಬೆಂಚಿನಲ್ಲಿ ನನ್ನ ಪಕ್ಕ ಒಬ್ಬರು ಹಿರಿಯರು ಬಂದು ಕೂತರು. ಕಚ್ಚೆ ಹಾಕಿ ಉಟ್ಟ ಬಿಳಿ ದೋತರ, ಮೊಳಕಾಲಿನ ಹತ್ತಿರ ಬರುವ ನೆಹರೂ ಅಂಗಿ, ತಲೆಗೆ ದೊಡ್ಡ ರುಮಾಲು. ಮುಖದಲ್ಲಿ ದಪ್ಪ ಮೀಸೆ. ಊರಿನ ಗೌಡರೋ ಪಾಟೀಲರೋ ಇರಬೇಕು ಅಂತ ನಾನು ಸ್ವಲ್ಪ ಸರಿದು ಜಾಗ ಕೊಟ್ಟೆ. ಅವರು ನನ್ನ ಟೊಪ್ಪಿ ನೋಡಿ ಸಲಾಂ ಹೇಳಿದರು. ಸಲಾಂ ಮಡಗಿಸುವಾಗ ನನ್ನ ನಾಲಿಗೆ ಒಂದು ಕ್ಷಣ ತಡವರಿಸಿದ್ದು ನಿಜ. ಅವರು ನದಾಫರ ಮನೆಯವರಂತೆ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಹಿರಿಯರ ಕಸುಬು, ಈಗ ಒಂದಿಷ್ಟು ಹೊಲ ಉಂಟು. ನನ್ನ ಗಲಿಬಿಲಿ ಅವರಿಗೆ ಅರ್ಥವಾಯಿತು, ಇದು ಅವರಿಗೆ ಮೊದಲನೇ ಸಲ ಅಲ್ಲ ಅಂತ ಕಾಣುತ್ತದೆ. “ಬಿಸಲ ಎಲ್ಲಾರ ತಲಿಮ್ಯಾಲೂ ಬೀಳತೈತ್ರಿ ಮೌಲಾನಾ. ರುಮಾಲ ಸುತ್ತದ ಮಾಡೂದೇನು?” ಅಂದರು.

ಆಮೇಲೆ ಸಂತೆಯನ್ನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದೆ. ಬಟ್ಟೆ ನೋಡಿ ಇವರು ಇಂಥವರು ಅಂತ ಹೇಳುವ ಅಭ್ಯಾಸ ನಮಗೆಲ್ಲ ಉಂಟು. ಇದರಲ್ಲಿ ನಾನು ಬೇರೆಯವರನ್ನು ದೂರುವುದಿಲ್ಲ, ನನ್ನದೂ ಅದೇ ಚಾಳಿ.

ಊರಿನ ಬಗ್ಗೆ ಎರಡು ಮಾತು ಹೇಳಬೇಕು. ಆಲಮೇಲ ವಿಜಯಪುರ ಜಿಲ್ಲೆಯಲ್ಲಿದೆ. ಮೊದಲು ಸಿಂದಗಿ ತಾಲೂಕಿಗೆ ಸೇರಿತ್ತು, ಈಗ ತಾನೇ ತಾಲೂಕು ಕೇಂದ್ರ. ಸಿಂದಗಿಯಿಂದ ಉತ್ತರಕ್ಕೆ ಕಪ್ಪು ಮಣ್ಣಿನ ಹೊಲಗಳ ನಡುವೆ ದಾರಿ. ಜೋಳ, ತೊಗರಿ, ಕಬ್ಬು. ಊರೊಳಗೆ ನದಿ ಇಲ್ಲ, ಇನ್ನೂ ಉತ್ತರಕ್ಕೆ ದೇವಣಗಾಂವ ಕಡೆ ಹೋದರೆ ಭೀಮಾ ಸಿಗುತ್ತದೆ. ಹೊಳೆಯ ಆಚೆ ದಡ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕು. ಮೇಲಕ್ಕೆ ಹೋದರೆ ಸೋಲಾಪುರ ಜಿಲ್ಲೆ, ಮರಾಠಿ ಸೀಮೆ. 1948ರವರೆಗೆ ಆಚೆ ದಡದಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ, ಈಚೆ ದಡದಲ್ಲಿ ಮುಂಬೈ ಪ್ರಾಂತ್ಯ. 1956ರಲ್ಲಿ ಎರಡೂ ದಡ ಒಂದೇ ರಾಜ್ಯಕ್ಕೆ ಬಂದವು. ಹಾಗಾಗಿ ಅಲ್ಲಿನ ಸಂತೆಯಲ್ಲಿ ಒಂದು ಗಂಟೆ ಕೂತರೆ ಕನ್ನಡ, ಮರಾಠಿ, ದಖನಿ ಉರ್ದು, ಲಂಬಾಣಿ ನಾಲ್ಕೂ ಕಿವಿಗೆ ಬೀಳುತ್ತವೆ. ಬಟ್ಟೆಯೂ ಅಷ್ಟೇ ಬಗೆ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಹಾಗೆ ಇಲ್ಲ. ಬಟ್ಟೆ ಹೆಚ್ಚು ಕಡಿಮೆ ಒಂದೇ, ಅದನ್ನು ಉಡುವ ರೀತಿ ಬೇರೆ. ಬೇರೆಯೇ ಬಟ್ಟೆ ಇರುವವರು ಒಬ್ಬರೇ, ಅವರ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ರುಮಾಲು. ನಮ್ಮಲ್ಲಿ ಮುಸ್ಲಿಯಾರರು, ಉಸ್ತಾದರು ಸುತ್ತುವ ತಲೆಕಟ್ಟಿಗೆ ಒಂದು ಗೌರವ ಉಂಟು, ಎಲ್ಲರೂ ಸುತ್ತುವುದಿಲ್ಲ. ಅಲ್ಲಿ ಹಿರಿಯ ಗಂಡಸರೆಲ್ಲ ಸುತ್ತುತ್ತಾರೆ. ಹತ್ತಾರು ಮೊಳದ ತೆಳು ಹತ್ತಿ ಬಟ್ಟೆ. ಆ ಜಿಲ್ಲೆಯ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಅಂಥ ಬಿಸಿಲಿನಲ್ಲಿ ತಲೆಯ ಮೇಲೆ ಇಷ್ಟು ಬಟ್ಟೆ ಹೊರುವುದು ನನಗೆ ಮೊದಲು ಹುಚ್ಚಾಗಿ ಕಂಡಿತ್ತು. ಪದರ ಪದರವಾಗಿ ಗಾಳಿ ಹಿಡಿಯುವುದರಿಂದ ಅದೇ ತಂಪು ಅಂತ ಆ ಹಿರಿಯರು ಹೇಳಿದರು. ಹೊಲದಲ್ಲಿ ಮಲಗುವಾಗ ಅದೇ ದಿಂಬು, ಸಂತೆಯಿಂದ ಬರುವಾಗ ಅದೇ ಗಂಟು, ಬಾವಿಯ ಹತ್ತಿರ ಹಗ್ಗ ಸಾಲದಿದ್ದರೆ ಅದೇ ಹಗ್ಗ. ಮದುವೆಯಲ್ಲಿ ಆಯೇರಿ ಮಾಡುವಾಗ ಹಿರಿಯರಿಗೆ ರುಮಾಲು ಸುತ್ತುವುದು ದೊಡ್ಡ ಮರ್ಯಾದೆ. ಲಿಂಗಾಯತರ ಮನೆಯ ಮದುವೆಯಲ್ಲಿ ತನಗೂ, ತನ್ನ ಮಗಳ ಮದುವೆಯಲ್ಲಿ ಅವರಿಗೂ ರುಮಾಲು ಆಗಿದೆ ಅಂತ ಆ ಹಿರಿಯರು ಲೆಕ್ಕ ಹೇಳಿದರು. ಈ ಲೆಕ್ಕ ಅಲ್ಲಿ ಯಾರೂ ಮರೆಯುವುದಿಲ್ಲ.

ಹಾಗಾದರೆ ಯಾರು ಯಾರು ಅಂತ ಗೊತ್ತಾಗುವುದು ಹೇಗೆ? ಸುತ್ತಿನಲ್ಲಿ ಸ್ವಲ್ಪ ವ್ಯತ್ಯಾಸ ಉಂಟಂತೆ, ಅದು ಊರಿನವರಿಗೆ ಮಾತ್ರ ಕಾಣುತ್ತದೆ, ನನಗೆ ಕಾಣಲಿಲ್ಲ. ಕುರುಬರ ಹೆಗಲ ಮೇಲೆ ಕಂಬಳಿ ಇದ್ದರೆ ಅದು ಗುರುತು. ಲಿಂಗಾಯತರಲ್ಲಿ ಕೊರಳಿನ ಬೆಳ್ಳಿ ಕರಡಿಗೆ ಅಥವಾ ಹಣೆಯ ವಿಭೂತಿ. ಗಾಂಧಿ ಟೊಪ್ಪಿಯನ್ನು ಎಲ್ಲ ಜಾತಿಯ ಮುದುಕರೂ ಹಾಕುತ್ತಾರೆ, ಅದು ಸೋಲಾಪುರದ ಗಾಳಿ ಇರಬೇಕು. ನಮ್ಮಲ್ಲಿಯೂ ಹೀಗೆ ಅಲ್ಲವೇ? ಮುಂಡು ಬಂಟರದ್ದೂ ಹೌದು, ಬಿಲ್ಲವರದ್ದೂ ಹೌದು, ನಮ್ಮದೂ ಹೌದು. ಅವರು ತುದಿಯನ್ನು ಬಲಕ್ಕೆ ಸಿಕ್ಕಿಸುತ್ತಾರೆ, ನಾವು ಎಡಕ್ಕೆ. ನಮ್ಮ ಅಜ್ಜಂದಿರು ಅದರ ಮೇಲೆ ಅಗಲವಾದ ಬೆಲ್ಟು ಕಟ್ಟುತ್ತಿದ್ದರು, ದೂರದಿಂದ ಬರುವಾಗಲೇ ಬ್ಯಾರಿ ಅಂತ ಗೊತ್ತಾಗಲು ಅಷ್ಟು ಸಾಕಿತ್ತು. ಆಲಮೇಲದ ಚಹಾ ಅಂಗಡಿಯವನಿಗೆ ಎಡ ಬಲ ಏನು ಗೊತ್ತು?

ಬಟ್ಟೆ ಹೀಗೆ ಬೆರೆಯುವುದು ಆ ಜಿಲ್ಲೆಯಲ್ಲಿ ನಿನ್ನೆ ಮೊನ್ನೆಯದ್ದಲ್ಲ. ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಚಿತ್ರಗಳು ಉಳಿದಿವೆ. ದಖನಿ ಶೈಲಿಯ ಆ ಚಿತ್ರಗಳಲ್ಲಿ ಆತನ ಮೈಮೇಲೆ ತೆಳುವಾದ ಉದ್ದ ನಿಲುವಂಗಿ, ಕೊರಳಲ್ಲಿ ರುದ್ರಾಕ್ಷಿ ಮಾಲೆ. ಜನ ಅವನನ್ನು ಜಗದ್ಗುರು ಬಾದಶಹ ಅಂತ ಕರೆದರು. ಧರ್ಮದ ದೃಷ್ಟಿಯಿಂದ ಅದರ ಬಗ್ಗೆ ಯಾರು ಏನು ಬೇಕಾದರೂ ಹೇಳಲಿ, ನಾನು ಇಲ್ಲಿ ಫತ್ವಾ ಕೊಡಲು ಕೂತಿಲ್ಲ. ಆ ಸೀಮೆಯ ಗಾಳಿ ಯಾವುದು ಅಂತ ತೋರಿಸಲು ಹೇಳಿದೆ ಅಷ್ಟೆ.

ಹೆಂಗಸರ ಉಡುಗೆಯ ವಿಷಯ ಬಂದಾಗ ನನಗೆ ಕಷ್ಟ ಆಯಿತು. ಉಸ್ತಾದ್ ಆದವನು ಸಂತೆಯಲ್ಲಿ ಕೂತು ಹೆಂಗಸರ ಸೀರೆ ನೋಡುವುದು ಚೆಂದ ಅಲ್ಲ. ಹಾಗಾಗಿ ಅಕ್ಕನ ಸೊಸೆಯನ್ನು ಮುಂದೆ ಬಿಟ್ಟೆ. ಅವಳು ನಮ್ಮ ಉಪ್ಪಿನಂಗಡಿ ಕಡೆಯ ಹುಡುಗಿ, ಮದುವೆಯಾಗಿ ಅಲ್ಲಿಗೆ ಹೋದವಳು. ಈಗ ಅಲ್ಲಿಯ ಮಾತು ಅಲ್ಲಿಯವರಿಗಿಂತ ಚೆನ್ನಾಗಿ ಆಡುತ್ತಾಳೆ. ನನ್ನನ್ನು ಒಂದು ಜವಳಿ ಅಂಗಡಿಗೆ ಕರೆದುಕೊಂಡು ಹೋಗಿ ಇಳಕಲ್ ಸೀರೆ ಬಿಡಿಸಿಸಿದಳು.

ಇಳಕಲ್ ಬಾಗಲಕೋಟೆ ಜಿಲ್ಲೆಯ ಊರು. ಅಲ್ಲಿಯ ಸೀರೆ ಕೃಷ್ಣೆಯಿಂದ ಭೀಮೆಯವರೆಗೆ ಎಲ್ಲ ಜಾತಿಯ ಹೆಂಗಸರ ಮೈಮೇಲೆ ಉಂಟು. ಅದರ ನೇಯ್ಗೆ ಕೇಳಿದರೆ ಆಶ್ಚರ್ಯ ಆಗುತ್ತದೆ. ಸಾಮಾನ್ಯವಾಗಿ ಸೀರೆಯ ಒಡಲಿಗೂ ಸೆರಗಿಗೂ ಉದ್ದದ ನೂಲು ಒಂದೇ. ಇಳಕಲ್‌ನಲ್ಲಿ ಒಡಲಿನ ಹಾಸುನೂಲು ಬೇರೆ, ಸೆರಗಿನದ್ದು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ ಅಥವಾ ಅಗ್ಗದ್ದಾದರೆ ಚಮಕಾ ಅಂತ ಕರೆಯುವ ಕೃತಕ ರೇಷ್ಮೆ. ಸೆರಗಿನಲ್ಲಿ ಬಿಳಿಯ ಹಲ್ಲು ಹಲ್ಲು ವಿನ್ಯಾಸ. ಒಂದು ಬಗೆಗೆ ಹಣಿಗೆ ಅಂತ ಹೆಸರು, ಒಂದಕ್ಕೆ ಕೋಟೆ, ಒಂದಕ್ಕೆ ತೆನೆ. ಅದು ಜೋಳದ ತೆನೆ. ತಾನು ಬೆಳೆಯುವ ಜೋಳವನ್ನು ತಾನು ಉಡುವ ಸೆರಗಿನಲ್ಲಿ ಇಟ್ಟುಕೊಂಡಿದ್ದಾರೆ. ಕೈಮಗ್ಗದಲ್ಲಿ ಒಂದು ಸೀರೆಗೆ ಒಂದು ವಾರ ಬೇಕು, ಮನೆಯ ಹೆಂಗಸರೂ ಕೈ ಹಚ್ಚಬೇಕು. ಇದರ ಜೊತೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ಕೆಲವು ಸೀರೆಗಳ ಮೇಲೆ ಕಸೂತಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಅಂತ ಅದರಲ್ಲಿ ನಾಲ್ಕು ಬಗೆ ಹೊಲಿಗೆ. ಗವಂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ, ಗಂಟು ಹಾಕುವುದಿಲ್ಲ, ಹಿಂದೆ ಮುಂದೆ ಎರಡೂ ಕಡೆ ಒಂದೇ ರೀತಿ ಕಾಣಬೇಕು. ಅಂಗಡಿಯವನು ಸೀರೆ ತಿರುಗಿಸಿ ತೋರಿಸಿದ. ಯಾವುದು ಒಳಗಿನ ಮೈ, ಯಾವುದು ಹೊರಗಿನದ್ದು ಅಂತ ನನಗೆ ಹೇಳಲಾಗಲಿಲ್ಲ.

ಈ ಸೀರೆಯನ್ನು ಬ್ರಾಹ್ಮಣರ ಮತ್ತು ಮರಾಠರ ಮನೆಯ ಅಜ್ಜಿಯಂದಿರು ಒಂಬತ್ತು ಗಜದ್ದು ತಗೊಂಡು ಕಚ್ಚೆ ಹಾಕಿ ಉಡುತ್ತಾರೆ. ಉಳಿದವರು ಕಚ್ಚೆ ಇಲ್ಲದೆ ನಿರಿಗೆ ಹಿಡಿದು ಉಡುತ್ತಾರೆ. ಲಿಂಗಾಯತ ಹೆಂಗಸರೂ ತಲೆ ಮೇಲೆ ಸೆರಗು ಹೊದೆಯುತ್ತಾರೆ, ಮುಸ್ಲಿಂ ಹೆಂಗಸರೂ ಹೊದೆಯುತ್ತಾರೆ. ಸೊಸೆ ಹೇಳಿದ್ದು, “ಮಾಮ, ಸೀರೆ ನೋಡಬಾರದು, ಕೊರಳು ನೋಡಬೇಕು.” ಅಲ್ಲಿಯ ಮುಸ್ಲಿಂ ಮದುವೆಗಳಲ್ಲಿ ಹೆಣ್ಣಿಗೆ ಲಚ್ಛಾ ಕಟ್ಟುತ್ತಾರೆ, ಕಪ್ಪು ಮಣಿಗಳ ಸರ. ಪಕ್ಕದ ಮನೆಯಾಕೆಯ ತಾಳಿಯಲ್ಲಿಯೂ ಅದೇ ಕಪ್ಪು ಮಣಿ. ಹತ್ತಿರ ಹೋಗಿ ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಈಗ ಹರೆಯದವರು ಬುರ್ಖಾ ಹಾಕುವುದರಿಂದ ಹೊರಗೆ ಗುರುತು ಬೇಗ ಸಿಗುತ್ತದೆ. ಅತ್ತೆಯಂದಿರ ಕಾಲದಲ್ಲಿ ಹಾಗಿರಲಿಲ್ಲ ಅಂತ ಅವಳ ನೆರೆಯವರು ಹೇಳಿದ್ದಾರಂತೆ.

ಒಂದು ಮನೆಯ ಮುದುಕಿ ತನ್ನ ಮದುವೆಯ ಚಂದ್ರಕಾಳಿ ಸೀರೆಯ ಕತೆ ಸೊಸೆಗೆ ಹೇಳಿದರು. ಚಂದ್ರಕಾಳಿ ಅಂದರೆ ಕಪ್ಪು ಒಡಲಿನ ಸೀರೆ, ಮೇಲೆ ಕಸೂತಿ. ನದಿಗೆ ಹತ್ತಿರದ ಊರಿನವರು ಅವರು. 2020ರ ಅಕ್ಟೋಬರಿನಲ್ಲಿ ಭೀಮೆಗೆ ದೊಡ್ಡ ನೆರೆ ಬಂದಾಗ ಮನೆಯೊಳಗೆ ನೀರು ಹೊಕ್ಕಿತು. ಜೋಳದ ಚೀಲ, ದನ, ಮಕ್ಕಳನ್ನು ಎತ್ತರಕ್ಕೆ ಸಾಗಿಸುವಾಗ ಮೂಲೆಯ ಟ್ರಂಕಿನ ನೆನಪು ಯಾರಿಗೆ ಬರುತ್ತದೆ? ನೀರಿಳಿದ ಮೇಲೆ ತೆಗೆದು ನೋಡಿದರೆ ಕೆಸರು. ತೊಳೆದರಂತೆ, ಸೆರಗಿನ ಕೊಂಡಿಗಳು ಬಿಟ್ಟುಕೊಂಡವು. ಸರಕಾರದ ಪರಿಹಾರ ಬೆಳೆಗೆ, ಗೋಡೆಗೆ ಬರುತ್ತದೆ. ಸೀರೆಗೆ ಯಾವ ಪಟ್ಟಿಯಲ್ಲಿಯೂ ಜಾಗ ಇಲ್ಲ.

ಅಂಗಡಿಯವನು ತನ್ನ ಕಷ್ಟ ಹೇಳಿಕೊಂಡ. ಕೈಮಗ್ಗದ್ದು ಕೇಳುವವರು ಕಡಿಮೆ, ಅದೇ ವಿನ್ಯಾಸ ಯಂತ್ರದ ಮಗ್ಗದಲ್ಲಿ ಅಚ್ಚಿಳಿದ ಹಾಗೆ ಬರುತ್ತದೆ, ಕಡಿಮೆ ಬೆಲೆ, ತೊಳೆಯಲು ಸುಲಭ. ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯ್ದೆಯನ್ನು ಕೇಂದ್ರ ಸರಕಾರ 1985ರಲ್ಲೇ ಮಾಡಿದೆ. ಕಾಯ್ದೆ ಇದೆ, ಪಕ್ಕದಲ್ಲಿ ಯಂತ್ರವೂ ಇದೆ. ನನಗೆ ಕೊಡಲು ತೆಗೆದಿಟ್ಟ ಎರಡು ಸೀರೆಗಳಲ್ಲಿ ಯಾವುದು ಕೈಮಗ್ಗದ್ದು ಅಂತ ಗುರುತಿಸಲು ಅವನೇ ಸೆರಗು ಒಡಲು ಸೇರುವ ಜಾಗ ಮುಟ್ಟಿ ನೋಡಲು ಹೇಳಿಕೊಟ್ಟ. ಕೊಂಡಿ ಹಾಕಿದ ಗೆರೆ ಬೆರಳಿಗೆ ಸಿಕ್ಕಬೇಕು. ಉಮ್ಮನಿಗೆ ಅಂತ ಒಂದು ತಗೊಂಡೆ.

ಇನ್ನು ಆಗ ಹೇಳಿದ ಆ ಒಬ್ಬರ ವಿಷಯ. ಲಂಬಾಣಿಗರು.

ವಿಜಯಪುರ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳು ಬಹಳ. ಸಂತೆಗೆ ತಾಂಡಾದಿಂದ ಹೆಂಗಸರು ಬರುತ್ತಾರೆ. ಅವರಲ್ಲಿ ವಯಸ್ಸಾದ ಕೆಲವರು ಮಾತ್ರ ಇನ್ನೂ ಹಳೆಯ ಉಡುಗೆಯಲ್ಲಿ. ಕೆಳಗೆ ಪೇಟಿಯಾ ಅಂತ ದೊಡ್ಡ ಗೇರಿನ ಲಂಗ, ಮೇಲೆ ಕಾಂಚಳಿ ಅಂತ ರವಿಕೆ, ತಲೆಯಿಂದ ಬೆನ್ನಿಗೆ ಇಳಿಯುವ ಛಾಂಟಿಯಾ. ಕೆಂಪು, ನೀಲಿ, ಹಳದಿ ತುಂಡುಗಳನ್ನು ಸೇರಿಸಿ ಹೊಲಿದು ಅದರ ಮೇಲೆ ಕನ್ನಡಿ ಚೂರು, ಕವಡೆ, ಹಳೆಯ ನಾಣ್ಯ. ಕೂದಲಿಗೆ ಸಿಕ್ಕಿಸಿ ಕೆನ್ನೆಯ ಪಕ್ಕ ತೂಗುವ ಬೆಳ್ಳಿಯ ಘೂಗ್ರಿ, ಮೂಗಿಗೆ ಭೂರಿಯಾ, ಮುಂಗೈಯಿಂದ ತೋಳಿನವರೆಗೆ ಬಿಳಿ ಬಲಿಯಾ. ನಡೆದು ಬಂದರೆ ಕಾಣುವ ಮೊದಲೇ ಕೇಳಿಸುತ್ತದೆ.

ಇದನ್ನು ಅವರು ಅಂಗಡಿಯಿಂದ ತಂದದ್ದಲ್ಲ. ತಾಯಿಯ ಜೊತೆ ಕೂತು ಹೊಲಿದದ್ದು. ಹೆಣ್ಣುಮಗು ಸೂಜಿ ಹಿಡಿಯುವ ವಯಸ್ಸಿನಿಂದ ಶುರು ಮಾಡಿ ಮದುವೆಯ ಹೊತ್ತಿಗೆ ಮುಗಿಸುವ ಕೆಲಸ. ಯಾಕೆ ಇಷ್ಟು ಭಾರ ಮೈಮೇಲೆ ಅಂತ ನಾವು ಕೇಳಬಹುದು. ಅವರು ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ಊರಿಂದ ಊರಿಗೆ ಹೋಗುತ್ತಿದ್ದ ಜನ. ಮನೆ ಇಲ್ಲದವರ ಆಸ್ತಿ ಎಲ್ಲಿ ಇಡುವುದು? ಮೈಮೇಲೆಯೇ ಇಡಬೇಕು. ರೈಲು ರಸ್ತೆ ಬಂದ ಮೇಲೆ ಎತ್ತಿನ ವ್ಯಾಪಾರ ಸತ್ತಿತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಹುಟ್ಟಿದ ಕುಲ ನೋಡಿಯೇ ಜನರನ್ನು ಕಳ್ಳರ ಪಟ್ಟಿಗೆ ಸೇರಿಸಿದರು. ಕೆಲವು ಪ್ರಾಂತ್ಯಗಳಲ್ಲಿ ಇವರೂ ಅದರೊಳಗೆ ಬಂದರು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ ಆ ಕಾಯ್ದೆ ಹೋಯಿತು. ಅಂಥ ಕಾಲದಲ್ಲಿ ಒಂದು ಮೈಲಿ ದೂರದಿಂದ ಗುರುತು ಸಿಗುವ ಬಟ್ಟೆ ಉಟ್ಟು ತಿರುಗುವುದು ಎಷ್ಟು ಧೈರ್ಯದ ಕೆಲಸ ಅಂತ ಯೋಚಿಸಿ ನೋಡಿ.

ಬೇಕರಿಗೆ ಬನ್ನು ತಗೊಳ್ಳಲು ಬಂದ ಒಬ್ಬ ತಾಂಡಾದ ಅಜ್ಜಿಯನ್ನು ಸೊಸೆ ಕೂರಿಸಿ ಮಾತಾಡಿಸಿದಳು. ನಾನು ಗಲ್ಲಾದ ಹಿಂದೆ ಕೂತು ಕೇಳುತ್ತಿದ್ದೆ. ಮಗಳು, ಸೊಸೆ ಯಾರೂ ಉಡುವುದಿಲ್ಲ ಅಂದರು. “ಬಸ್ಸಿನ್ಯಾಗ ಕುಂತ್ರ ಬಾಜೂದಾಕಿ ಎದ್ದು ಹೋಗತಾಳ ಯವ್ವಾ. ಸಾಲ್ಯಾಗ ಮೊಮ್ಮಗಳಿಗಿ ನಗತಾರ, ನಿಮ್ಮಜ್ಜಿ ಹಂಗ್ಯಾಕ ಅಂತ.” ಕಬ್ಬು ಕಡಿಯಲು ಹೋದಾಗ ಪೇಟಿಯಾ ಗರಿಗೆ ಸಿಕ್ಕುತ್ತದೆ. ಗೋವಾಕ್ಕೆ ದುಡಿಯಲು ಹೋದಾಗ ಬಾಡಿಗೆ ಕೋಣೆಯಲ್ಲಿ ತೊಳೆದು ಒಣಗಿಸಲು ಜಾಗ ಇಲ್ಲ. ಹಾಗಾಗಿ ಹರೆಯದವರು ಸೀರೆಗೆ ಬಂದರು, ಈಗಿನವರು ಚೂಡಿದಾರಕ್ಕೆ, ನೈಟಿಗೆ. ಬೆಳ್ಳಿ ಎಲ್ಲಿ ಅಂತ ಸೊಸೆ ಕೇಳಿದಳು. ಒಂದಿಷ್ಟು ಬೋರ್‌ವೆಲ್ಲಿಗೆ ಹೋಯಿತು, ನೀರು ಬೀಳಲಿಲ್ಲ. ಉಳಿದದ್ದು ಮಗಳ ಮದುವೆಗೆ. ಹಳೆಯ ಪೇಟಿಯಾ? ಒಬ್ಬ ಬಂದು ತೂಕದ ಮೇಲೆ ತಗೊಂಡು ಹೋದನಂತೆ. ಅಂಥ ಬಟ್ಟೆಗಳನ್ನು ಕತ್ತರಿಸಿ ಚೀಲ, ದಿಂಬಿನ ಹೊದಿಕೆ ಮಾಡಿ ಗೋವಾದ ಬೀಚುಗಳಲ್ಲಿ ವಿದೇಶೀಯರಿಗೆ ಮಾರುತ್ತಾರೆ. ಹೊಲಿದವಳ ಮೈಮೇಲೆ ಇದ್ದಾಗ ನಗೆಪಾಟಲು, ಬೇರೆಯವರ ಸೋಫಾದ ಮೇಲೆ ಕೂತಾಗ ಕಲೆ.

ಎಲ್ಲ ಕಡೆ ಹೀಗೆಯೇ ಅಂತ ಹೇಳುವುದು ತಪ್ಪಾಗುತ್ತದೆ. ಬಳ್ಳಾರಿ ಕಡೆಯ ಸಂಡೂರಿನಲ್ಲಿ 1984ರಿಂದ ಕುಶಲ ಕಲಾ ಕೇಂದ್ರ ಲಂಬಾಣಿ ಹೆಂಗಸರಿಂದಲೇ ಕಸೂತಿ ಮಾಡಿಸುತ್ತಿದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಕಸೂತಿ ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಸಂತೋಷದ ವಿಷಯ. ಕೈಗೆ ಕೆಲಸ, ಕೆಲಸಕ್ಕೆ ಕೂಲಿ. ಆದರೆ ಆ ಅಜ್ಜಿಯ ಪಕ್ಕದ ಸೀಟಿನಿಂದ ಎದ್ದು ಹೋಗುವವಳನ್ನು ಗಿನ್ನೆಸ್ ಕೂರಿಸುವುದಿಲ್ಲವಲ್ಲ.

ಸೊಸೆ ಇನ್ನೊಂದು ಹೇಳಿದಳು. ಅವಳ ಮಗಳ ಶಾಲೆಯಲ್ಲಿ ಸಾಂಪ್ರದಾಯಿಕ ಉಡುಗೆಯ ದಿನ ಅಂತ ಮಾಡಿದ್ದರು. ನಾಲ್ಕು ಮಕ್ಕಳು ಲಂಬಾಣಿ ವೇಷದಲ್ಲಿ ಬಂದರು. ಬಾಡಿಗೆಗೆ ತಂದ ಪಾಲಿಯೆಸ್ಟರ್ ಲಂಗ, ಕನ್ನಡಿ ಬದಲು ಮಿಂಚುವ ಕಾಗದ. ಬಹುಮಾನವೂ ಬಂತು. ತಾಂಡಾದಿಂದ ಬರುವ ಮಗು ಆ ದಿನ ಯಾವುದರಲ್ಲಿ ಬಂದಿತ್ತು ಗೊತ್ತಾ? ಫ್ರಾಕಿನಲ್ಲಿ. “ನೀನ್ಯಾಕೆ ಹಾಕ್ಲಿಲ್ಲ?” ಅಂತ ಇವಳ ಮಗಳು ಕೇಳಿದ್ದಕ್ಕೆ, “ನಾ ಹಾಕ್ಕೊಂಡ್ರ ವೇಷ ಅನ್ನಂಗಿಲ್ಲ” ಅಂತ ಹೇಳಿತಂತೆ. ಎರಡನೇ ತರಗತಿಯ ಮಗು.

ಉಡುಗೆ ಒಬ್ಬರಿಂದ ಒಬ್ಬರಿಗೆ ನಿಜವಾಗಿ ದಾಟುವುದು ಅಲ್ಲಿ ಮೊಹರಂ ಸಮಯದಲ್ಲಂತೆ. ನಾನು ನೋಡಿಲ್ಲ, ಕೇಳಿದ್ದು ಹೇಳುತ್ತೇನೆ. ಹರಕೆ ಹೊತ್ತ ಹಿಂದೂ ಮನೆಗಳ ಮಕ್ಕಳು ಕೊರಳಿಗೆ ಬಣ್ಣದ ಲಾಡಿ ಕಟ್ಟಿಕೊಂಡು ಫಕೀರರಾಗುತ್ತಾರೆ, ಹೆಜ್ಜೆ ಮೇಳದಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಬಗೆಯ ಬಟ್ಟೆ ಹಾಕಿ ಕುಣಿಯುತ್ತಾರೆ. ನಮ್ಮ ಕಡೆಯ ರೂಢಿ ಬೇರೆ, ನಾನು ಕಲಿತದ್ದೂ ಬೇರೆ. ಆದರೆ ಆ ಹಿರಿಯರು ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಖುಷಿಯ ಎದುರು ನಾನು ವಾದ ತೆಗೆಯಲಿಲ್ಲ.

ಊರಿಗೆ ವಾಪಸು ಬರುವಾಗ ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಆ ತಾಂಡಾದ ಅಜ್ಜಿಯ ಬೆಳ್ಳಿಯ ಮಾತು ತಲೆಯಲ್ಲಿ ತಿರುಗುತ್ತಿತ್ತು. ಯಾಕೆಂದರೆ ನಾನೂ ಅದನ್ನೇ ಮಾಡಿದವನು. ನಮ್ಮ ಅಜ್ಜಿ ತೀರಿಕೊಂಡಾಗ ಅವರ ಅಲಿಕತ್ ಉಮ್ಮನ ಕೈಗೆ ಬಂದಿತ್ತು. ಕಿವಿಯ ಸುತ್ತ ಒಂದರ ಕೆಳಗೊಂದು ತೂಗುವ ಆ ಚಿನ್ನದ ಅಲಿಕತ್ ಈಗಿನ ಮಕ್ಕಳಿಗೆ ಫೋಟೋದಲ್ಲಿ ಮಾತ್ರ ಗೊತ್ತು. ತಂಗಿಯ ಮದುವೆಗೆ ಹಣ ಸಾಲದಾಗ ಅದನ್ನು ಕರಗಿಸಿ ಹೊಸ ಫ್ಯಾಶನ್ನಿನ ಸರ ಮಾಡಿಸಿದೆವು. ಅಕ್ಕಸಾಲಿಗನ ಹತ್ತಿರ ತಗೊಂಡು ಹೋದವನು ನಾನೇ. ಅವನು ಬೆಂಕಿಗೆ ಹಾಕುವ ಮೊದಲು, “ಉಸ್ತಾದರೆ, ಈಗ ಇದನ್ನು ಮಾಡುವ ಕೈ ಇಲ್ಲ, ಒಮ್ಮೆ ಯೋಚನೆ ಮಾಡಿ” ಅಂದಿದ್ದ. ಯೋಚನೆ ಮಾಡಲು ನನ್ನ ಹತ್ತಿರ ಬೇರೆ ದಾರಿ ಇರಲಿಲ್ಲ, ಮದುವೆಗೆ ಹನ್ನೊಂದು ದಿನ ಇತ್ತು. ಆ ಸರವೂ ಈಗ ಇಲ್ಲ. ತಂಗಿಯ ಗಂಡ ಗಲ್ಫಿಗೆ ಹೋಗುವಾಗ ವೀಸಾಕ್ಕೆ ಹೋಯಿತು.

ನಮ್ಮ ಹೆಂಗಸರ ಉಡುಗೆಯೂ ಮೂರು ತುಂಡಿನದ್ದು. ಸೊಂಟಕ್ಕೆ ಬಣ್ಣದ ತುಣಿ, ಮೇಲೆ ಉದ್ದ ತೋಳಿನ ಕುಪ್ಪಾಯ, ತಲೆಗೆ ಯಲಸರ. ಪೇಟಿಯಾ, ಕಾಂಚಳಿ, ಛಾಂಟಿಯಾದ ಹಾಗೆಯೇ ಮೂರು. ಹೊರಗೆ ಹೋಗುವಾಗ ಮೇಲೊಂದು ರಿದಾ. ಮೈ ಮುಚ್ಚಬೇಕಾದ್ದೆಲ್ಲ ಮುಚ್ಚುವ ಬಟ್ಟೆ, ಬೇರೆ ದೇಶದಿಂದ ಬರಬೇಕಾಗಿರಲಿಲ್ಲ. ಅದು ಹೋದದ್ದು ಯಾರೋ ಬೇಡ ಅಂದದ್ದರಿಂದ ಅಲ್ಲ. ಮೊದಲು ಸೀರೆ ಬಂತು, ಆಮೇಲೆ ಚೂಡಿದಾರ, ಆಮೇಲೆ ಬುರ್ಖಾ, ಒಂದೊಂದಕ್ಕೂ ಅದರದ್ದೇ ಅನುಕೂಲ ಇತ್ತು. ಕುಪ್ಪಾಯ ಹೊಲಿಯುವವರು ಕಡಿಮೆಯಾದರು, ಹೊಲಿಸುವವರೂ ಕಡಿಮೆಯಾದರು. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಆದ ಮೇಲೆ ಸಮ್ಮೇಳನಗಳಲ್ಲಿ, ಸ್ಟೇಜಿನಲ್ಲಿ ಹುಡುಗಿಯರಿಗೆ ಕುಪ್ಪಾಯ ತುಣಿ ಉಡಿಸಿ ಕೂರಿಸುತ್ತೇವೆ, ನಾವೂ ಚಪ್ಪಾಳೆ ತಟ್ಟುತ್ತೇವೆ. ಅದನ್ನು ನಾನು ಹಗುರ ಮಾಡುವುದಿಲ್ಲ, ಅದೂ ಇಲ್ಲದಿದ್ದರೆ ಹೆಸರೂ ಉಳಿಯುತ್ತಿರಲಿಲ್ಲ. ಆದರೆ ಆ ಎರಡನೇ ತರಗತಿಯ ಮಗುವಿನ ಮಾತು ಕೇಳಿದ ಮೇಲೆ ಸ್ಟೇಜು ನೋಡುವಾಗ ನನಗೆ ಮೊದಲಿನ ಹಾಗೆ ಆಗುವುದಿಲ್ಲ.

ಮನೆಗೆ ಬಂದು ಉಮ್ಮನಿಗೆ ಇಳಕಲ್ ಸೀರೆ ಕೊಟ್ಟೆ. ಎಪ್ಪತ್ತು ದಾಟಿದವರು, ಈಗ ಯಾವಾಗ ಉಡುವುದು ಅಂತ ಬೈದರು, ಆದರೆ ಸೆರಗಿನ ಮೇಲೆ ಕೈ ಆಡಿಸುತ್ತಲೇ ಇದ್ದರು. ಅಂಗಡಿಯವನು ಹೇಳಿಕೊಟ್ಟ ಹಾಗೆ ಕೊಂಡಿಯ ಗೆರೆ ತೋರಿಸಿದೆ. ಅವರು ಎದ್ದು ಒಳಗೆ ಹೋಗಿ ಕಪಾಟಿನ ಅಡಿಯಿಂದ ಒಂದು ಗಂಟು ತಂದರು. ಅಜ್ಜಿಯ ಕುಪ್ಪಾಯ. ಅದು ನಮ್ಮ ಮನೆಯಲ್ಲಿ ಇನ್ನೂ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಬಿಳಿ ಇದ್ದದ್ದು ಹಳದಿಯಾಗಿದೆ. ಕೊರಳಿನ ಸುತ್ತ ಕೆಂಪು ಹಸಿರು ನೂಲಿನ ಸಣ್ಣ ಕೆಲಸ, ಒಂದು ಕಡೆ ಅರ್ಧಕ್ಕೆ ನಿಂತಿದೆ. ಯಾಕೆ ನಿಂತಿತು ಅಂತ ಕೇಳಿದರೆ, ಆ ವರ್ಷ ನಾನು ಹುಟ್ಟಿದ್ದಂತೆ, ಅಜ್ಜಿಗೆ ಸೂಜಿ ಹಿಡಿಯಲು ಪುರುಸೊತ್ತು ಸಿಗಲಿಲ್ಲವಂತೆ.

ಮಗಳು ಹತ್ತನೇ ತರಗತಿ. ಓದುವುದು ಬಿಟ್ಟು ಬಂದು ಹಾಕಿ ನೋಡುತ್ತೇನೆ ಅಂತ ಹಠ ಹಿಡಿದಳು. ತೋಳಿನೊಳಗೆ ಕೈ ಹೋಯಿತು, ಮುಂಗೈ ಹತ್ತಿರ ಸಿಕ್ಕಿಕೊಂಡಿತು. ಉಮ್ಮ ನಿಧಾನ, ನಿಧಾನ ಅಂತ ಕೂಗುತ್ತಾ ಹೊಲಿಗೆ ಬಿಚ್ಚದ ಹಾಗೆ ಹೊರಗೆ ತೆಗೆದರು. “ಇದರ ಅಳತೆಗೆ ಒಂದು ಹೊಲಿಯಲು ಯಾರಿಗೆ ಬರುತ್ತೆ ಉಮ್ಮಮ್ಮ?” ಅಂತ ಅವಳು ಕೇಳಿದಳು. ಉಮ್ಮ ಕನ್ನಡಕ ಹುಡುಕತೊಡಗಿದರು.